ಹಳೇ ಕಂಪ್ಯೂಟರಿಗೆ ಯಾವ ಪೈಥಾನ್?

ಹಾಸನದ ಗೆಳೆಯರೇ, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸೋಕೆ ಹೊಸ ಲ್ಯಾಪ್‌ಟಾಪೇ ಬೇಕು ಅಂತ ಸುಮ್ನೆ ದುಡ್ಡು ಸುರಿಯಬೇಡಿ. ನಮ್ಮನೇಲಿ ವಿಂಡೋಸ್ 7 ಇರುವ ಹಳೇ ಡಬ್ಬ ಒಂದಿದೆ, 2 ಜಿಬಿ ರ‍್ಯಾಮ್. ಅದರಲ್ಲೇ ಮಗಳು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ. ಪೂರ್ತಿ ಉಚಿತ.

ನಾನು ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಪೈಥಾನ್ ಡಾಟ್ ಆರ್ಗ್‌ಗೆ ಹೋಗಿ, ಕಣ್ಣಿಗೆ ಬಿದ್ದ ದೊಡ್ಡ ಬಟನ್ ಒತ್ತಿಬಿಟ್ಟೆ. ಅದು ಕೊಡೋದು ಹೊಸ ಆವೃತ್ತಿ. ವಿಂಡೋಸ್ 7ರಲ್ಲಿ ಅದು ಇನ್‌ಸ್ಟಾಲೇ ಆಗಲ್ಲ. 3.9 ಆಗಲಿ, ಅದರ ನಂತರದ್ದಾಗಲಿ ಯಾವುದೂ ಆಗಲ್ಲ. ಹಳೇ ಆವೃತ್ತಿಗಳ ಪಟ್ಟಿಯಲ್ಲಿ 3.8.10 ಹುಡುಕಿ. ಇನ್ನೂ ಹಳೇ ವಿಂಡೋಸ್ ಎಕ್ಸ್‌ಪಿ ಇದ್ದರೆ 3.4.4.

ಇಳಿಸುವ ಮುಂಚೆ 'ಕಂಪ್ಯೂಟರ್' (ಎಕ್ಸ್‌ಪಿಯಲ್ಲಿ 'ಮೈ ಕಂಪ್ಯೂಟರ್') ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ನಿಮ್ಮ ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ನೋಡಿಕೊಂಡು, ಅದಕ್ಕೆ ಹೊಂದುವ ಫೈಲನ್ನೇ ಇಳಿಸಿ. 32 ಬಿಟ್ ಫೈಲು 30 ಎಂಬಿ ಕೂಡ ಇಲ್ಲ, ಮೊಬೈಲ್ ಹಾಟ್‌ಸ್ಪಾಟಲ್ಲೇ ಇಳಿಯುತ್ತೆ. ಇನ್‌ಸ್ಟಾಲ್ ಮಾಡುವಾಗ ಕೆಳಗಡೆ 'ಪಾತ್'ಗೆ (ವಿಂಡೋಸ್ ಪ್ರೋಗ್ರಾಮ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸಬೇಕಾ ಅನ್ನೋ ಚಿಕ್ಕ ಚೌಕ ಬರುತ್ತೆ. ಅದಕ್ಕೆ ಟಿಕ್ ಹಾಕಿ. ನಾನು ಮರೆತು, ಅರ್ಧ ದಿನ ತಲೆ ಕೆರೆದುಕೊಂಡೆ! ಕೋಡ್ ಬರೆಯೋಕೆ ಪೈಥಾನ್ ಜೊತೆಗೇ ಬರುವ ಐಡಲ್ (IDLE) ಅನ್ನೋ ಚಿಕ್ಕ ಎಡಿಟರ್ ಸಾಕು. ಬೇರೆ ಭಾರದ ಸಾಫ್ಟ್‌ವೇರ್ ಹಾಕಿದರೆ ಮಷಿನ್ ತೆವಳುತ್ತೆ.

ಒಂದು ಮಾತು, 3.8ಕ್ಕೆ 2024ರಿಂದ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ, ವಿಂಡೋಸ್ 7ಕ್ಕಂತೂ ಯಾವತ್ತೋ ನಿಂತಿದೆ. ಆ ಕಂಪ್ಯೂಟರಲ್ಲಿ ಬ್ಯಾಂಕ್ ಕೆಲಸ ಬೇಡ, ಬರೀ ಕಲಿಕೆಗೆ ಇಡಿ. ಕೋಡ್ ಬರೆಯುವಾಗ ಆಗಾಗ ಸೇವ್ ಒತ್ತೋದು ಅಭ್ಯಾಸ ಮಾಡಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ವಾ?