ಪುಣೆಯಲ್ಲೇ ಎಳ್ಳು ಬೀರೋದು ಹೇಗೆ: ಊರಿನ ಡಬ್ಬ ಬರ್ಲಿ ಅಂತ ಕಾಯ್ಬೇಡಿ

ಡಿಸೆಂಬರ್ ಮುಗೀತಿದ್ದ ಹಾಗೇ ಪುಣೆಯಲ್ಲಿರೋ ನಮ್ಮ ಮೈಸೂರು ಕಡೆಯವ್ರ ಮನೆಗಳಲ್ಲಿ ಒಂದೇ ಮಾತು, ಊರಿಂದ ಯಾರಾದ್ರೂ ಬರ್ತಿದಾರಾ, ಎಳ್ಳು ಸಕ್ಕರೆಅಚ್ಚು ತರಿಸ್ಕೋಬಹುದಾ ಅಂತ. ನಾನೂ ಮೊದಲ ಮೂರು ವರ್ಷ ಹಾಗೇ ಮಾಡಿದ್ದು. ಒಂದ್ಸಲ ಅಮ್ಮ ಕೊರಿಯರ್ ಮಾಡಿದ ಡಬ್ಬ ಹಬ್ಬ ಕಳೆದು ನಾಲ್ಕು ದಿನಕ್ಕೆ ಬಂತು, ತೆಗೆದು ನೋಡಿದ್ರೆ ಬೆಲ್ಲ ಬೆವತು ಎಳ್ಳು ಕೊಬ್ಬರಿ ಎಲ್ಲಾ ಅಂಟ್ಕೊಂಡು ಒಂದೇ ಮುದ್ದೆ, ಅಮ್ಮ ವಾರಗಟ್ಟಲೆ ಕೂತು ಹೆಚ್ಚಿದ್ದು ನೆನಪಾಗಿ ಅಡುಗೆಮನೇಲಿ ನಿಂತು ಅತ್ತುಬಿಟ್ಟೆ. ಇಲ್ಲಿ ಎಳ್ಳು ಬೆಲ್ಲದ ತಿಳ್‌ಗುಳ್ ಲಾಡು ಬೇಕಾದಷ್ಟು ಸಿಗುತ್ತೆ, ರುಚಿನೂ ಇರುತ್ತೆ, ಆದ್ರೆ ಒಂದು ಚಮಚ ಬಾಯಿಗೆ ಹಾಕ್ಕೊಂಡಾಗ ಕೊಬ್ಬರಿ ಬೇರೆ ಬೆಲ್ಲ ಬೇರೆ ಕಡ್ಲೆಬೀಜ ಬೇರೆ ಅಂತ ಹಲ್ಲಿಗೆ ಸಿಗ್ಬೇಕಲ್ಲ, ಅದಿಲ್ದೆ ನಮಗೆ ಸಂಕ್ರಾಂತಿ ಅನ್ಸಲ್ಲ.

ನಾಲ್ಕನೇ ವರ್ಷದಿಂದ ಇಲ್ಲೇ ಮಾಡ್ತಿದೀನಿ. ಬೇಕಾಗಿರೋದೆಲ್ಲ ಇಲ್ಲಿನ ತರಕಾರಿ ಮಾರುಕಟ್ಟೆ ಮಂಡಈಲಿ, ಮಾರ್ಕೆಟ್ ಯಾರ್ಡ್‌ನ ಗೂಳ್-ಭುಸಾರ್ (ಬೆಲ್ಲ, ದಿನಸಿ ಸಗಟು ಅಂಗಡಿಗಳು) ಕಡೆ, ನಿಮ್ಮ ಬೀದಿ ಕಿರಾಣಿ ಅಂಗಡೀಲೂ ಇದೆ, ಹೆಸರು ಬೇರೆ ಅಷ್ಟೇ. ಎಳ್ಳಿಗೆ ಪಾಂಢರೆ ತೀಳ್ ಅನ್ನಿ, ಒಣ ಕೊಬ್ಬರಿಗೆ ಸುಕ್ಕೆ ಖೋಬ್ರೆ, ಕಡ್ಲೆಬೀಜಕ್ಕೆ ಶೇಂಗದಾಣೆ. ಹುರಿಗಡಲೆ ಕೇಳುವಾಗ ಹುಷಾರು, ಫುಟಾಣೆ ಅಂದ್ರೆ ಸಿಪ್ಪೆ ಇರೋ ಹುರಿದ ಕಡಲೆ ಕೊಡ್ತಾರೆ, ನಮಗೆ ಬೇಕಾಗಿರೋದು ಡಾಳೆ, ಪಂಢರಪುರಿ ಡಾಳೆ ಅಂದ್ರೆ ತಕ್ಷಣ ಅರ್ಥ ಆಗುತ್ತೆ. ಬಣ್ಣ ಬಣ್ಣದ ಜೀರಿಗೆ ಮಿಠಾಯಿ ಸಿಗದಿದ್ರೆ ಸಕ್ಕರೆ ಸುತ್ತಿದ ಬಡೀಶೇಪ್ (ಸೋಂಪು) ಹಾಕಿ, ಮಕ್ಕಳಿಗೆ ಅದೇ ಇಷ್ಟ.

ಎಲ್ಲರೂ ತಪ್ಪೋದು ಬೆಲ್ಲದಲ್ಲಿ. ಜನವರಿ ಬಂತು ಅಂದ್ರೆ ಇಲ್ಲಿ ಅಂಗಡಿಯವರು ತಾವಾಗೇ ಚಿಕ್ಕೀಚಾ ಗೂಳ್ ಕೊಡ್ತಾರೆ, ಅದು ಲಾಡು ಕಟ್ಟಕ್ಕೆ, ಚಿಕ್ಕಿ ಮಾಡಕ್ಕೆ ಅಂತಾನೇ ಇರೋ ಅಂಟು ಬೆಲ್ಲ, ಅದನ್ನ ಹೆಚ್ಚಕ್ಕೆ ಹೋದ್ರೆ ಚಾಕು ಕಿತ್ಕೊಂಡು ಬರಲ್ಲ. ಸಾಧಾ ಗೂಳ್ ಕೇಳಿ, ಕೊಲ್ಹಾಪುರದ ಢೇಪ್‌ನಲ್ಲಿ (ದೊಡ್ಡ ಬೆಲ್ಲದ ಉಂಡೆ) ಗಟ್ಟಿಯಾಗಿ ಒಣಗಿರೋ ಕಡೆಯಿಂದ ಒಡೆದು ಕೊಡಿ ಅನ್ನಿ, ಉಗುರಲ್ಲಿ ಒತ್ತಿ ನೋಡಿ, ಗುರುತು ಬಿದ್ರೆ ಬೇಡ. ನಮ್ಮ ಅಚ್ಚುಬೆಲ್ಲದಷ್ಟು ಗಟ್ಟಿ ಇರಲ್ಲ ನಿಜ, ಅದಕ್ಕೇ ಹಬ್ಬಕ್ಕೆ ಒಂದು ವಾರ ಮುಂಚೆನೇ ಶುರು ಮಾಡ್ಬೇಕು. ಅಡಕತ್ತರಿ ಇದ್ರೆ ಅದ್ರಲ್ಲೇ ಕಡ್ಲೆಬೀಜದ ಬೇಳೆ ಗಾತ್ರಕ್ಕೆ ಕತ್ತರಿಸಿ ಪೇಪರ್ ಮೇಲೆ ಹರವಿ ಮೂರು ದಿನ ಬಿಡಿ. ಪುಣೆ ಚಳಿಗಾಲದ ಒಣಗಾಳಿ ಈ ಕೆಲಸಕ್ಕೆ ಮೈಸೂರಿಗಿಂತ ಏನೂ ಕಮ್ಮಿ ಇಲ್ಲ. ಮುಂಬೈಲಿರೋರಿಗೆ ಗಾಳಿಯ ತೇವದ್ದೇ ತೊಂದ್ರೆ, ಫ್ಯಾನ್ ಕೆಳಗೆ ಒಣಗಿಸಿ, ಮೇಲೆ ಒಂದು ಚಮಚ ಹುರಿಗಡಲೆ ಪುಡಿ ಉದುರಿಸಿ.

ಕೊಬ್ಬರಿ ಕಪ್ಪು ಸಿಪ್ಪೆ ಹೆರೆದು ಹಾಕಿ ತೆಳ್ಳಗೆ ಹೆಚ್ಚಿ ಎರಡು ದಿನ ಬಿಸಿಲಿಗಿಡಿ. ಕಡ್ಲೆಬೀಜ ಹುರಿದು ಉಜ್ಜಿ ಕೇರಿ ಎರಡು ಬೇಳೆ ಮಾಡಿ. ಎಳ್ಳನ್ನ ಕೊನೇಲಿ ಸಣ್ಣ ಉರೀಲಿ ಹುರೀರಿ, ಉಬ್ಬಿ ಚಿಟಪಟ ಅಂದ ತಕ್ಷಣ ತಟ್ಟೆಗೆ ಸುರೀರಿ, ಬಾಣಲೇಲೇ ಬಿಟ್ರೆ ಕಹಿ ಬರುತ್ತೆ. ಬೆಲ್ಲ, ಕೊಬ್ಬರಿ, ಕಡ್ಲೆಬೀಜ, ಹುರಿಗಡಲೆ ಒಂದೊಂದು ಬಟ್ಟಲು, ಎಳ್ಳು ಅರ್ಧ ಬಟ್ಟಲು, ನಮ್ಮನೆ ಅಳತೆ ಇದು. ಎಲ್ಲಾ ಪೂರ್ತಿ ತಣ್ಣಗಾದ್ಮೇಲೇ ಬೆರೆಸಿ, ಒಂದು ಹಿಡಿ ಕಡ್ಲೆಬೀಜ ಬೆಚ್ಚಗಿದ್ರೂ ಸಾಕು ಬೆಲ್ಲ ಬೆವರಕ್ಕೆ.

ಸಕ್ಕರೆಅಚ್ಚಿಗೆ ಮರದ ಅಚ್ಚು ಮಾತ್ರ ಊರಿಂದ್ಲೇ ತರ್ಬೇಕು, ದೇವರಾಜ ಮಾರ್ಕೆಟ್ಟು ಇಲ್ಲಾ ಗಾಂಧಿಬಜಾರ್ ಕಡೆ ಹೋದಾಗ ತಗೊಂಡ್ಬಿಡಿ, ಒಂದ್ಸಲ ತಂದ್ರೆ ಸೊಸೆ ಕಾಲಕ್ಕೂ ಬರುತ್ತೆ. ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಬೆಳಿಗ್ಗೆ ಒರೆಸಿ ರಬ್ಬರ್‌ಬ್ಯಾಂಡ್ ಹಾಕಿ ಬಿಗಿಯಾಗಿ ಕಟ್ಟಿ. ಅರ್ಧ ಕೆಜಿ ಸಕ್ಕರೆಗೆ ಒಂದು ಲೋಟ ನೀರು, ಕುದಿಯುವಾಗ ಒಂದು ಚಮಚ ಹಾಲು ಹಾಕಿದ್ರೆ ಕೊಳೆಯೆಲ್ಲ ನೊರೆ ಜೊತೆ ಮೇಲೆ ಬರುತ್ತೆ, ತೆಗೆದು ಬಟ್ಟೇಲಿ ಸೋಸಿ. ಆಮೇಲೆ ಅಷ್ಟನ್ನೂ ಒಟ್ಟಿಗೆ ಕಾಯಿಸಬೇಡಿ, ಒಂದೊಂದೇ ಸೌಟು ಚಿಕ್ಕ ಪಾತ್ರೇಲಿ ಹಾಕಿ ಎಳೆ ಪಾಕ ಬರ್ಸಿ ಕೈಬಿಡದೆ ತಿರುವಿ, ತಿಳಿಯಾಗಿದ್ದಿದ್ದು ಹಾಲಿನ ಥರ ಬೆಳ್ಳಗೆ ತಿರುಗೋ ಗಳಿಗೆ ಒಂದಿದೆ, ಸಕ್ಕರೆ ಮತ್ತೆ ಹರಳು ಕಟ್ಟಕ್ಕೆ ಶುರುವಾಗಿದೆ ಅಂತ ಅರ್ಥ, ಆಗ್ಲೇ ಅಚ್ಚಿಗೆ ಸುರೀಬೇಕು. ಮುಂಚೆ ಸುರಿದ್ರೆ ಗಟ್ಟಿಯಾಗಲ್ಲ, ತಡ ಆದ್ರೆ ಪಾತ್ರೇಲೇ ಕೂತ್ಬಿಡುತ್ತೆ. ಹತ್ತು ಹದಿನೈದು ನಿಮಿಷ ಬಿಟ್ಟು ಬಿಚ್ಚಿ.

ಇನ್ನು ಅವರೆಕಾಯಿ. ಮಾಗಡಿ ಕಡೆಯ ಸೊಗಡಿನ ಅವರೆ ಇಲ್ಲಿ ಸಿಗಲ್ಲ, ಅದೊಂದು ಕೊರಗು ನನಗೆ ಹೋಗೇ ಇಲ್ಲ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಯಾರಾದ್ರೂ ಬರ್ತಿದ್ರೆ ಸುಲಿದ ಕಾಳು ಬೇಡ, ತೊಳೆಯದ ಕಾಯಿನೇ ಬಟ್ಟೆ ಚೀಲದಲ್ಲಿ ತರಕ್ಕೆ ಹೇಳಿ, ಪ್ಲಾಸ್ಟಿಕ್‌ನಲ್ಲಿ ಬೆವತು ಹಾಳಾಗುತ್ತೆ. ಯಾರೂ ಬರ್ತಿಲ್ಲ ಅಂದ್ರೆ ಭೋಗಿ ದಿನಕ್ಕೆ ಕಾದು ನೋಡಿ. ಸಂಕ್ರಾಂತಿ ಹಿಂದಿನ ದಿನ ಇಲ್ಲಿನವ್ರು ಹಲವು ತರಕಾರಿ ಕಾಳು ಸೇರ್ಸಿ ಭೋಗೀಚಿ ಭಾಜಿ ಅನ್ನೋ ಪಲ್ಯ ಮಾಡ್ತಾರೆ, ಅದಕ್ಕೆ ಪಾವಟಾ ಬೇಕೇ ಬೇಕು, ಹಾಗಾಗಿ ಭೋಗಿ ಹೊತ್ತಿಗೆ ಮಂಡಈಲಿ ರಾಶಿ ಬಿದ್ದಿರುತ್ತೆ, ನಮ್ಮ ಅವರೆ ಜಾತೀದೇ. ಹಿತಕಿದ ಬೇಳೆ ಬೇಕಿದ್ರೆ ಡಾಳಿಂಬ್ಯಾ ಕೇಳಿ, ಅವರೆ ಜಾತಿಯ ವಾಲ್ ಕಾಳು ಮೊಳಕೆ ಬರ್ಸಿ ಸಿಪ್ಪೆ ಸುಲಿದಿದ್ದು. ಸ್ವಲ್ಪ ಕಹಿ ಇರುತ್ತೆ, ಬೇಗ ಒಡೆದೂ ಹೋಗುತ್ತೆ, ಅದಕ್ಕೇ ಹುಗ್ಗಿಗೆ ಹಾಕೋ ಮುಂಚೆ ಉಪ್ಪುನೀರಲ್ಲಿ ಬೇರೆಯಾಗೇ ಬೇಯಿಸಿ ಬಸಿದು, ಕೊನೇಲಿ ಮೆಣಸು ಜೀರಿಗೆ ತುಪ್ಪದ ಒಗ್ಗರಣೆ ಜೊತೆ ಸೇರ್ಸಿ. ಕಬ್ಬು, ಎಳಚಿಹಣ್ಣು ಹುಡುಕೋದೇ ಬೇಡ, ಸಂಕ್ರಾಂತಿಗೆ ಇಲ್ಲಿ ಮಾಡೋ ಸುಗಡ್ (ಪುಟ್ಟ ಮಣ್ಣಿನ ಮಡಕೆ) ಪೂಜೆಗೆ ಅಂತ ಊಸ್ (ಕಬ್ಬು), ಬೋರ್ (ಎಳಚಿಹಣ್ಣು) ಎಲ್ಲಾ ಬೀದಿ ಬೀದೀಲಿ ಮಾರ್ತಾರೆ. ನನ್ನ ಮಗಳಿಗೆ ಎಳಚಿಹಣ್ಣು ಎರೆಯುವಾಗ ಪಕ್ಕದ ಮನೆ ಮರಾಠಿ ಕಾಕೂ (ಚಿಕ್ಕಮ್ಮ) ಬಂದು ನೋಡಿ, ಅರೇ ಇದು ನಮ್ಮ ಬೋರನ್ಹಾಣ್ ಅಲ್ವಾ ಅಂದ್ರು, ತಾವೇ ಒಂದು ಹಿಡಿ ಚುರುಮುರೆ ತಂದು ಸೇರ್ಸಿ ಮಗು ತಲೆ ಮೇಲೆ ಹಾಕಿದ್ರು. ಅವತ್ತಿಂದ ಎಳ್ಳಿನ ಮೊದಲ ತಟ್ಟೆ ಅವರ ಮನೆಗೇ ಹೋಗೋದು.

ಹಬ್ಬದ ದಿನವೇ ಎಲ್ಲರ ಮನೆಗೂ ಹೋಗಕ್ಕಾಗ್ಲಿಲ್ಲ ಅಂತ ಬೇಜಾರು ಬೇಡ, ಇಲ್ಲಿ ರಥಸಪ್ತಮಿವರೆಗೂ ಹಳದಿ-ಕುಂಕೂ (ಅರಿಶಿನ ಕುಂಕುಮ) ನಡೀತಾನೇ ಇರುತ್ತೆ, ಅಲ್ಲಿವರೆಗೂ ಬೀರಬಹುದು. ಎಳ್ಳು ಒಣ ಡಬ್ಬೀಲಿಡಿ, ಒದ್ದೆ ಚಮಚ ಹಾಕ್ಬೇಡಿ. ಅಚ್ಚುಗಳನ್ನ ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ರೆ ಮರ ಸೀಳುತ್ತೆ, ಹಳೇ ಕಾಟನ್ ಸೀರೆ ತುಂಡಲ್ಲಿ ಜೋಡಿ ಜೋಡಿಯಾಗಿ ಸುತ್ತಿ ಎತ್ತಿಡಿ.