ಮಳೆಗಾಲದ ಆಟಕ್ಕೆ ಮುಂಚೆ ಕಟ್ಟಿದ ಕಂಪ್ಯೂಟರ್

ಮುಂಬಯಿ ಪಕ್ಕದ ಡೊಂಬಿವಲಿಯ ಮನೆಯಲ್ಲಿ ಕೂತು ಯಕ್ಷಗಾನದ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ಊರಿನ ಮೇಳಗಳ ತಿರುಗಾಟ ಮೇ ಕೊನೆಯ ಪತ್ತನಾಜೆಗೆ ಮುಗಿದ ಮೇಲೆ ಕಲಾವಿದರು ಮುಂಬಯಿ ಕಡೆ ಬರುತ್ತಾರೆ. ಮಾಟುಂಗ, ಮಾಹಿಮ್ ಕಡೆಯ ಸಭಾಗೃಹಗಳಲ್ಲಿ ಮಳೆಗಾಲವಿಡೀ ಆಟ, ಅಂದರೆ ಯಕ್ಷಗಾನ ಪ್ರದರ್ಶನ. ನನ್ನ ವರ್ಷದ ದುಡಿಮೆಯ ಮುಕ್ಕಾಲು ಪಾಲು ಬರುವುದು ಆ ನಾಲ್ಕು ತಿಂಗಳಲ್ಲೇ. ಕಂಪ್ಯೂಟರ್ ಯಾವಾಗ ಕಟ್ಟಬೇಕು ಎಂಬುದು ಕೊನೆಗೆ ತೀರ್ಮಾನವಾದದ್ದೂ ಈ ಲೆಕ್ಕದಿಂದಲೇ.

ಹಳೆಯದು 2014ರ ಐ3, ಎಂಟು ಜಿಬಿ ರ‍್ಯಾಮ್. 2019ರಲ್ಲಿ ಅದು ತೀರಾ ನಿಧಾನವಾದಾಗ ಹೊಸದು ಕೊಳ್ಳದೆ, ಹಾರ್ಡ್‌ಡಿಸ್ಕಿಗಿಂತ ವೇಗವಾಗಿ ಫೈಲು ತೆರೆಯುವ ಒಂದು ಎಸ್‌ಎಸ್‌ಡಿ ಹಾಕಿಸಿದೆ. ಅದರಿಂದ ಮೂರು ವರ್ಷ ತಳ್ಳಿದೆ. ಆನ್ ಆಗಲು ತಡ, ಫೈಲು ತೆರೆಯಲು ತಡ ಎಂಬುದಷ್ಟೇ ನಿಮ್ಮ ತೊಂದರೆಯಾದರೆ ನೀವೂ ಅಷ್ಟೇ ಮಾಡಿ, ಸಾಕು.

ತೊಂದರೆ ಶುರುವಾದದ್ದು ನಮ್ಮ ಕ್ಯಾಮೆರಾದವರು ಹೊಸ ಕ್ಯಾಮೆರಾ ತಂದಾಗ. 4ಕೆ, ಹತ್ತು ಬಿಟ್, 4:2:2, ಎಚ್.265: ಚಿತ್ರ ದೊಡ್ಡದು, ಬಣ್ಣದ ವಿವರ ಹೆಚ್ಚು, ಆದರೆ ಬಿಗಿಯಾಗಿ ಅಡಕಿದ ಫೈಲು, ತೋರಿಸುವ ಮೊದಲು ಕಂಪ್ಯೂಟರ್ ಅದನ್ನು ಬಿಚ್ಚಬೇಕು. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಗಂಟೆಗೆ 45 ಜಿಬಿ. ಮೂರು ಗಂಟೆಯ ಆಟ, ಎರಡು ಕ್ಯಾಮೆರಾ: 270 ಜಿಬಿ. ಹಳೆಯ ಯಂತ್ರದಲ್ಲಿ ಪ್ಲೇ ಒತ್ತಿದರೆ ಚೆಂಡೆಯ ಪೆಟ್ಟು ಕೇಳಿಸುತ್ತಿತ್ತು, ವೇಷ ಮಾತ್ರ ಕಾಲೆತ್ತಿದ ಹಾಗೇ ನಿಂತಿರುತ್ತಿತ್ತು. ಕುಣಿತಕ್ಕೂ ತಾಳಕ್ಕೂ ಹೊಂದಿಕೆ ನೋಡಲಾಗದೆ ಯಕ್ಷಗಾನ ಎಡಿಟ್ ಮಾಡುವುದು ಹೇಗೆ?

ಆದರೂ 2021ರಲ್ಲಿ ಕಟ್ಟಲಿಲ್ಲ. ಆಗ ಕ್ರಿಪ್ಟೋ ಮೈನಿಂಗಿನವರು (ಕಂಪ್ಯೂಟರಿನ ಲೆಕ್ಕದಿಂದ ಡಿಜಿಟಲ್ ನಾಣ್ಯ ಗಳಿಸುವವರು) ಗ್ರಾಫಿಕ್ಸ್ ಕಾರ್ಡ್‌ಗಳನ್ನು ಗುಡಿಸಿಕೊಂಡು ಹೋಗುತ್ತಿದ್ದರು, ಚಿಪ್ಪಿನ ಕೊರತೆ ಬೇರೆ. ಮುಂಬಯಿಯ ಕಂಪ್ಯೂಟರ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ನಾಲ್ಕು ಅಂಗಡಿ ಹತ್ತಿಳಿದೆ. ಎಲ್ಲ ಕಡೆಯೂ ಒಂದೇ ಮಾತು: "ಆಜ್ ಲೇ ಲೋ, ಕಲ್ ಔರ್ ಬಢೇಗಾ." ಇವತ್ತೇ ತಗೊಳ್ಳಿ, ನಾಳೆ ಇನ್ನೂ ಏರುತ್ತದೆ ಎಂದು. ಆ ಮಾತಿಗೆ ಹೆದರಿ ಕೊಳ್ಳದೆ ಗ್ರಾಂಟ್ ರೋಡಿನಿಂದ ಬರಿಗೈಯಲ್ಲಿ ಲೋಕಲ್ ಹತ್ತಿದ್ದು ಒಳ್ಳೆಯದಾಯಿತು. ಆದರೆ ಆ ವರ್ಷ ಪ್ರತಿ ಫೈಲನ್ನೂ ಮೊದಲು ಸಣ್ಣ ಗಾತ್ರಕ್ಕೆ ಇಳಿಸಿ, ಆಮೇಲೆ ಎಡಿಟ್ ಮಾಡಬೇಕಾಯಿತು. ಒಂದೊಂದು ಆಟಕ್ಕೂ ಒಂದು ರಾತ್ರಿ ಹೆಚ್ಚು ಹೋಯಿತು. ಎರಡು ಕೆಲಸ ಬಿಟ್ಟುಕೊಟ್ಟೆ. ಕಾಯುವುದಕ್ಕೂ ಬೆಲೆ ಇದೆ ಎಂದು ಆಗಲೇ ನನಗೆ ತಿಳಿದದ್ದು. ಹೊಸ ಮಾಡೆಲ್ ಬರಲಿ, ರೇಟು ಇಳಿಯಲಿ ಎಂದು ಕಾಯುತ್ತಿರುವವರು ಕೈತಪ್ಪಿದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

2022ರ ಏಪ್ರಿಲ್‌ನಲ್ಲಿ ಎರಡು ವಾರ ಕೆಲಸದ ಜೊತೆಗೇ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಪುಸ್ತಕದಲ್ಲಿ ಬರೆದುಕೊಂಡೆ. ಪ್ರೊಸೆಸರ್ (ಸಿಪಿಯು) ನೂರಕ್ಕೆ ನೂರು, ಮೆಮೊರಿ ಭರ್ತಿ. ಅಂದರೆ ನನಗೆ ಮೊದಲು ಬೇಕಾದದ್ದು ಆ ಫೈಲನ್ನು ಬಿಚ್ಚಬಲ್ಲ ಪ್ರೊಸೆಸರ್, ಆಮೇಲೆ ರ‍್ಯಾಮ್. ಚಿತ್ರದ ಲೆಕ್ಕ ಮಾಡುವ ಗ್ರಾಫಿಕ್ಸ್ ಕಾರ್ಡ್ ಮೂರನೆಯದು.

ಆಗ ಅಂಗಡಿಯಲ್ಲಿದ್ದ ಎನ್‌ವಿಡಿಯಾ, ಎಎಂಡಿ ಕಾರ್ಡ್‌ಗಳ್ಯಾವುವೂ 4:2:2 ಎಚ್.265 ಫೈಲನ್ನು ಹಾರ್ಡ್‌ವೇರಿನಲ್ಲೇ ಬಿಚ್ಚುತ್ತಿರಲಿಲ್ಲ. ಇಂಟೆಲ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಬಿಚ್ಚುತ್ತಿತ್ತು. ಅದಕ್ಕೇ ಐ5-12400 ಆರಿಸಿದೆ. ಅಂಗಡಿಯವ ಹೆಸರಿನ ಕೊನೆಗೆ ಎಫ್ ಇರುವ 12400ಎಫ್ ಕೊಡಲು ನೋಡಿದ, ಎರಡು ಸಾವಿರ ಕಡಿಮೆ ಎಂದ. ಆ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ವಿಡಿಯೋ ಗೇಮ್ ಆಡುವ ಹುಡುಗರಿಗೆ ಅದು ಲಾಭ, ನನ್ನ ಕೆಲಸವೇ ಅದರಿಂದ ಕೆಡುತ್ತಿತ್ತು.

ಒಳಗೇ ಗ್ರಾಫಿಕ್ಸ್ ಇದ್ದದ್ದರಿಂದ ಕಾರ್ಡ್ ಇಲ್ಲದೆಯೇ ಶುರುಮಾಡಬಹುದಿತ್ತು. ಅಕ್ಕನ ಮಗನಿಗೆ ಇದು ಒಪ್ಪಿಗೆಯಾಗಲಿಲ್ಲ. "ಮಾವಾ, ಕಾರ್ಡ್ ಇಲ್ಲದೆ ಎಂಥ ಕಂಪ್ಯೂಟರ್?" "ಜೂನ್‌ಗೆ ಕೆಲಸ ಶುರುವಾಗ್ಬೇಕು ಮಾರಾಯ, ಕಾರ್ಡ್ ಆಮೇಲೆ ಹಾಕಿದ್ರಾಯ್ತು" ಎಂದೆ. ಈ ಪ್ರೊಸೆಸರ್ ಕೂರುವ ಬಿ660 ಮದರ್‌ಬೋರ್ಡ್‌ಗಳು ಡಿಡಿಆರ್4, ಡಿಡಿಆರ್5 ಎಂಬ ಎರಡು ಬಗೆಯ ಮೆಮೊರಿಗೂ ಬರುತ್ತಿದ್ದವು. ಡಿಡಿಆರ್5ಗೆ ಆಗ ವಿಪರೀತ ರೇಟು. ಡಿಡಿಆರ್4 ಬೋರ್ಡ್ ತಗೊಂಡು 16 ಜಿಬಿಯ ಎರಡು ಕಡ್ಡಿ ಹಾಕಿದೆ. ಕೆಲಸಕ್ಕೆ ಒಂದು ಟಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ಮುಗಿದದ್ದನ್ನು ಇಡಲು ನಾಲ್ಕು ಟಿಬಿ ಹಾರ್ಡ್‌ಡಿಸ್ಕ್.

ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬ) ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ನನ್ನ ಮೊದಲ ಕಂಪ್ಯೂಟರಿನಲ್ಲಿ ಕ್ಯಾಬಿನೆಟ್ ಜೊತೆಗೇ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ ಇತ್ತು. ಒಂದು ಸಂಜೆ ಕರೆಂಟು ಹೋಗಿ ಬಂದದ್ದೇ ತಡ, 'ಟಪ್' ಎಂದಿತು. ಸುಟ್ಟ ವಾಸನೆ. ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಕರೆದುಕೊಂಡೇ ಹೋಯಿತು. ಅದರಲ್ಲಿದ್ದ, ಈಗ ತೀರಿಹೋಗಿರುವ ಒಬ್ಬ ಭಾಗವತರ ಧ್ವನಿ ಮತ್ತೆ ಸಿಗಲಿಲ್ಲ. ಈ ಸಲ ಲೆಕ್ಕ ಹಾಕಿದೆ: ಪ್ರೊಸೆಸರ್ ಜೋರಾಗಿ ದುಡಿದರೆ 117 ವ್ಯಾಟ್, ಮುಂದೆ ಹಾಕಬೇಕೆಂದಿದ್ದ ಆರ್‌ಟಿಎಕ್ಸ್ 3060 ಕಾರ್ಡಿಗೆ 170. 550 ವ್ಯಾಟ್‌ನ, ಕರೆಂಟು ಕಡಿಮೆ ಪೋಲು ಮಾಡುವ 80 ಪ್ಲಸ್ ಬ್ರಾಂಜ್ ಗುರುತಿನ, ಐದು ವರ್ಷ ವಾರಂಟಿಯದು ತಗೊಂಡೆ. ಪಕ್ಕಾ ಬಿಲ್ಲು ಬರೆಸಿ, ಬಿಲ್ಲಿನ ಮೇಲೆ ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಹಾಕಿಸಿದೆ. ಬಿಲ್ಲಿಲ್ಲದೆ ಜಿಎಸ್‌ಟಿ ಉಳಿಸಿದರೆ ನಾಳೆ ವಾರಂಟಿ ಕೇಳಲು ಯಾವ ಮುಖ ಇಟ್ಟುಕೊಂಡು ಹೋಗುವುದು? ಕಾರ್ಡ್ ಬಿಟ್ಟು ಎಲ್ಲ ಸೇರಿ ಸುಮಾರು 65 ಸಾವಿರ ಆಯಿತು.

ಕಟ್ಟಿದ್ದು ಊಟದ ಮೇಜಿನ ಮೇಲೆ. ಪ್ರೊಸೆಸರಿನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಟ್ಟರೆ ತಾನೇ ಕೂರುತ್ತದೆ, ಒತ್ತಲೇಬಾರದು. ಲಿವರ್ ಇಳಿಸುವಾಗ ಕಿರಕಿರ ಸದ್ದು ಬರುತ್ತದೆ, ಹೆದರಬೇಡಿ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ಆಗ ತಾನಾಗಿ ಹಾರಿ ಬರುತ್ತದೆ. ನಾನು ತಪ್ಪಿದ್ದು ಪ್ರೊಸೆಸರ್ ತಂಪಿಡುವ ಫ್ಯಾನಿನಲ್ಲಿ. ಎಡಿಟ್ ಆದದ್ದನ್ನು ಒಂದೇ ವಿಡಿಯೋ ಮಾಡುವ ಮೊದಲ ರೆಂಡರ್ ಹಾಕಿ ಹತ್ತು ನಿಮಿಷದಲ್ಲಿ ತಾಪ ನೂರು ಡಿಗ್ರಿ ಮುಟ್ಟಿ ವೇಗ ಕುಸಿಯಿತು. ಕ್ಯಾಬಿನೆಟ್ ಬಿಚ್ಚಿ, ಬೋರ್ಡಿನ ಹಿಂಬದಿಗೆ ಟಾರ್ಚ್ ಬಿಟ್ಟು ನೋಡಿದರೆ ಫ್ಯಾನಿನ ನಾಲ್ಕು ಪಿನ್ನುಗಳಲ್ಲಿ ಮೂರರ ಕಪ್ಪು ತುದಿ ಹೊರಗೆ ಬಂದಿತ್ತು, ನಾಲ್ಕನೆಯದು ತೂತಿನೊಳಗೇ ಉಳಿದಿತ್ತು. ಫ್ಯಾನ್ ತೆಗೆದು, ಶಾಖ ದಾಟಿಸುವ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಕರ್ಣದ ಎದುರುಬದುರು ಪಿನ್ನುಗಳನ್ನು ಜೋಡಿಯಾಗಿ ಒತ್ತಿದೆ. 'ಕ್ಲಿಕ್' ಕೇಳಿಸಲೇಬೇಕು. ಆಮೇಲೆ ಎಪ್ಪತ್ತು ದಾಟಲಿಲ್ಲ.

ಕಾರ್ಡ್ ಹಾಕಿದ್ದು ನವೆಂಬರಿನಲ್ಲಿ. ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ಪದ್ಧತಿ ಬದಲಿಸಿ ಕಾರ್ಡಿನ ಮೈನಿಂಗನ್ನೇ ನಿಲ್ಲಿಸಿತು. ಮೊದಲೇ ಇಳಿಯುತ್ತಿದ್ದ ರೇಟು ಇನ್ನೂ ಇಳಿಯಿತು. 3060, ಹನ್ನೆರಡು ಜಿಬಿಯದು, ಹಿಂದಿನ ವರ್ಷ ನನಗೆ ಹೇಳಿದ್ದ ರೇಟಿನ ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಮೈನಿಂಗಿನಲ್ಲಿ ದುಡಿದ ಹಳೆಯ ಕಾರ್ಡ್‌ಗಳು ಇನ್ನೂ ಅಗ್ಗಕ್ಕೆ ಸಿಗುತ್ತಿದ್ದವು, ನಾನು ಮುಟ್ಟಲಿಲ್ಲ. ವಿಡಿಯೋದ ಬಣ್ಣ ತಿದ್ದುವ ಕೆಲಸ ಹೊಸ ಕಾರ್ಡಿನಿಂದ ಬಹಳ ಹಗುರವಾಯಿತು. ಆದರೆ ಆ ಮಳೆಗಾಲದ ಆಟಗಳೆಲ್ಲ ಅದಿಲ್ಲದೆಯೇ ಮುಗಿದು, ಸಂಘಟಕರ ಕೈ ಸೇರಿದ್ದವು.