ಕ್ಯಾಶುವಾಲ್ಟಿಯಲ್ಲಿ ಯಾರನ್ನು ಮೊದಲು ನೋಡಬೇಕು? ಟ್ರಯಾಜ್ ತಪ್ಪದಿರಲು

ಕೋಲಾರ, ಮುಳಬಾಗಿಲು ಕಡೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಅಪಘಾತವಾದರೆ ಗಾಯಾಳುಗಳ ಹಿಂದೆಯೇ ಜನವೂ ಕ್ಯಾಶುವಾಲ್ಟಿಗೆ ನುಗ್ಗುತ್ತಾರೆ. ಎಲ್ಲರ ಕಣ್ಣು ಕಿರುಚಾಡುವವರ ಮೇಲೆ. ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವ ಟ್ರಯಾಜ್ ನರ್ಸ್ ಮೊದಲು ಹೋಗಬೇಕಾದದ್ದು ಸದ್ದಿಲ್ಲದೆ ಮಲಗಿರುವವರ ಹತ್ತಿರ. ಜೋರಾಗಿ ಕಿರುಚುವವರ ಶ್ವಾಸನಾಳ ಸದ್ಯಕ್ಕಂತೂ ತೆರೆದಿರುತ್ತದೆ.

ಚೀಟಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆ ದಾಖಲೆ) ಎಲ್ಲ ಆಮೇಲೆ. ಮೊದಲು ಚಿಕಿತ್ಸೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಹೆಸರು ಕೇಳಿ, ಮಣಿಕಟ್ಟು ಹಿಡಿಯಿರಿ. ಉತ್ತರ ತಡವರಿಸಿದರೆ, ಕೈ ತಣ್ಣಗೆ ಬೆವೆತಿದ್ದರೆ ನೇರ ಕೆಂಪು (ಕೆಂಪು ಎಂದರೆ ತಕ್ಷಣ ನೋಡಬೇಕಾದವರು, ಹಳದಿ ಸ್ವಲ್ಪ ಕಾಯಬಹುದಾದವರು, ಹಸಿರು ಇನ್ನೂ ಹೆಚ್ಚು ಕಾಯಬಹುದಾದವರು). ಉಳಿದವರಿಗೆ ಉಸಿರು, ನಾಡಿ, ಬಿಪಿ, ಆಕ್ಸಿಜನ್, ಶುಗರ್ ನೋಡಿ. ಇದರಲ್ಲಿ ಹೆಚ್ಚು ಮೋಸವಾಗುವುದು ಉಸಿರಿನ ಲೆಕ್ಕದಲ್ಲಿ. ಎಣಿಸದೆ 18, 20 ಎಂದು ಬರೆದುಬಿಡುತ್ತಾರೆ. ನಾಡಿ ಹಿಡಿದೇ ಎದೆ ನೋಡುತ್ತಾ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ದೊಡ್ಡವರಲ್ಲಿ 30 ದಾಟಿದರೆ ಕೆಂಪು. ಮೇಲಿನ ಬಿಪಿ 90ಕ್ಕಿಂತ ಕೆಳಗಿದ್ದರೂ ಕೆಂಪು. ಆದರೆ ಬಿಪಿ 110 ಇದೆ ಎಂದು ನಿರಾಳವಾಗಬೇಡಿ, ನಾಡಿ 120 ಇದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿರಬಹುದು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರ್ ಅಂಕಿ ನಂಬಬೇಡಿ.

ನಮ್ಮ ಕಡೆ ಹಸಿರು ಬೆಂಚಿನಲ್ಲಿ ಕೂತೇ ಕೆಡುವವರು ಹೆಚ್ಚಾಗಿ ಎರಡು ಬಗೆ. ಒಂದು, 'ಗ್ಯಾಸ್ಟ್ರಿಕ್' ಎಂದು ಬರುವ ಶುಗರ್ ರೋಗಿ. ಹೃದಯಾಘಾತವಾಗಿದ್ದರೂ ಎದೆನೋವೇ ಇಲ್ಲದಿರಬಹುದು. ಹೊಟ್ಟೆಯ ಮೇಲ್ಭಾಗ ಉರಿ, ಬೆವರು, ಸುಸ್ತು ಇದ್ದರೆ ಬಂದ 10 ನಿಮಿಷದೊಳಗೆ ಇಸಿಜಿ ಆಗಲೇಬೇಕು. ಇನ್ನೊಂದು, ನೆಲದ ಮೇಲೆ ಮಲಗಿದ್ದು ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದವರು. ಇವರಿಗೆ ನಿದ್ದೆಯಲ್ಲೇ ಕಟ್ಟುಹಾವು ಕಚ್ಚಿರಬಹುದು. ಅದು ಕಚ್ಚಿದರೆ ಸಾಮಾನ್ಯವಾಗಿ ಊತವಿರುವುದಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ಮೇಲೆ ನೋಡಲು ಹೇಳಿ, ರೆಪ್ಪೆ ಜೋತುಬೀಳುತ್ತದೆಯೇ ಗಮನಿಸಿ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಿದೆ ಎಂದು ಮನೆಗೆ ಕಳಿಸಬೇಡಿ; ಈ ವಿಷ ಹೊಡೆಯುವುದು ನರಗಳಿಗೆ.

ಬಣ್ಣ ಕೊಟ್ಟಲ್ಲಿಗೆ ಕೆಲಸ ಮುಗಿಯುವುದಿಲ್ಲ. ಹಳದಿಯವರನ್ನು ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ, ಸಮಯ ಬರೆಯಿರಿ. ಕಾಯುತ್ತಾ ಕೂತವರಿಗೂ 'ಹೆಚ್ಚಾದರೆ ತಕ್ಷಣ ಹೇಳಿ' ಎಂದು ತಿಳಿಸಿ.

ವ್ಯವಸ್ಥೆ ಸರಿಯಿದೆಯೇ ತಿಳಿಯಲು ತಿಂಗಳಿಗೊಮ್ಮೆ ಫೈಲು ತೆರೆಯಿರಿ. ಹಸಿರು, ಹಳದಿ ಪಡೆದವರಲ್ಲಿ 24 ಗಂಟೆಯೊಳಗೆ ಐಸಿಯು ಸೇರಿದವರು, ತೀರಿಕೊಂಡವರು ಎಷ್ಟು? ಕೆಂಪು ಪಡೆದು ಅಂದೇ ಮನೆಗೆ ಹೋದವರು ಎಷ್ಟು? ಎರಡನೆಯದು ತುಸು ಹೆಚ್ಚಿದ್ದರೂ ನಡೆಯುತ್ತದೆ. ಮೊದಲನೆಯದರಲ್ಲಿ ಒಂದೊಂದು ಫೈಲನ್ನೂ ಡಾಕ್ಟರು, ನರ್ಸ್ ಒಟ್ಟಿಗೆ ಕೂತು ನೋಡಬೇಕು. ಸಮಯವನ್ನು ಚೀಟಿ ಮಾಡಿಸಿದ ಗಳಿಗೆಯಿಂದಲ್ಲ, ಬಾಗಿಲು ದಾಟಿದ ಗಳಿಗೆಯಿಂದ ಲೆಕ್ಕ ಹಾಕಿ. ಇಲ್ಲದಿದ್ದರೆ ಕೌಂಟರಿನ ಸಾಲಿನಲ್ಲಿ ಕಳೆದ ನಿಮಿಷಗಳು ಯಾವ ಫೈಲಿನಲ್ಲೂ ಕಾಣುವುದಿಲ್ಲ.